ಎಡಗೈಯ ಮೇಲಿನ ದೇವರು

ಬೆಳಗಿನ ನಾಲ್ಕೂವರೆಗೆ ನನ್ನ ಮನೆಯ ಒಲೆ ಹೊತ್ತಬೇಕು. ಕೊಟ್ಟೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದೇನೆ. ಒಲೆಯ ಮುಂದೆ ಕೂರುವ ಮೊದಲು ಮೈ ತೊಳೆದು, ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಎಡಗೈಗೆ ತೆಗೆದುಕೊಂಡು ಪೂಜೆ ಮಾಡಿಕೊಳ್ಳುತ್ತೇನೆ. ಬಲಗೈ ನೀರೆರೆಯುತ್ತದೆ, ಪತ್ರಿ ಏರಿಸುತ್ತದೆ. ಅಷ್ಟು ಹೊತ್ತೂ ಎಡಗೈ ಅಲುಗುವುದಿಲ್ಲ. ಪೂಜೆ ಮುಗಿದು ಲಿಂಗ ಕರಡಿಗೆಯೊಳಗೆ ಸೇರಿದ ಮೇಲೆ ಅದೇ ಎಡಗೈ ಹಗಲಿನಲ್ಲಿ ಹಿತ್ತಲಿಗೆ ಹೋಗಿ ಕಟ್ಟಿಗೆಯ ತುಂಡನ್ನು ಹಿಡಿಯುತ್ತದೆ.

ಪೂಜೆಯ ಹೊತ್ತಿನಲ್ಲಿ ಈ ಅಂಗೈಗೆ ದೊಡ್ಡ ಹೆಸರಿದೆ. ಅದನ್ನು ಕರಸ್ಥಲ ಎನ್ನುತ್ತೇವೆ. ದೇವರು ಕೂರುವ ಜಾಗ ಅದು. ಗುಡಿಯ ಗರ್ಭಗುಡಿಗೆ ಇರುವ ಮರ್ಯಾದೆ ಅದಕ್ಕಿದೆ. ಕಟ್ಟಿಗೆ ಸೀಳುವ ಹೊತ್ತಿಗೆ ಮಾತ್ರ ನಾವು ಅದನ್ನು ಮರೆತುಬಿಡುತ್ತೇವೆ. ಬಲಗೈಯಲ್ಲಿ ಕೊಡಲಿ ಇರುತ್ತದೆ, ಎಡಗೈ ತುಂಡನ್ನು ನೆಟ್ಟಗೆ ಹಿಡಿದಿರುತ್ತದೆ. ಏಟು ತಪ್ಪಿದರೆ ಬಲಗೈಗೆ ಏನೂ ಆಗುವುದಿಲ್ಲ, ಹೋಗುವುದು ಎಡಗೈ. ನಮ್ಮ ಅವ್ವನ ಎಡಗೈಯ ಬೆರಳು ಹೋದದ್ದೂ ಹೀಗೇ.

1979ರ ಮಾಘ ಮಾಸ. ಆಗ ನಮ್ಮ ಮನೆ ಹರಪನಹಳ್ಳಿಯಿಂದ ಕೊಟ್ಟೂರಿಗೆ ಬರುವ ದಾರಿಯ ಒಂದು ಹಳ್ಳಿಯಲ್ಲಿತ್ತು. ನನಗೆ ಹನ್ನೆರಡು ವರ್ಷ. ಗುರು ಕೊಟ್ಟೂರೇಶ್ವರನ ತೇರು ಎಳೆಯುವ ಹಿಂದಿನ ದಿನ ನಡೆದು ಬರುವ ಭಕ್ತರಿಗೆ ನಮ್ಮ ಮನೆಯ ಮುಂದೆ ರೊಟ್ಟಿ, ಪುಂಡಿಪಲ್ಲೆ, ಮಜ್ಜಿಗೆ ಕೊಡುವ ರೂಢಿ. ರೊಟ್ಟಿಗೆ ದಪ್ಪ ಕಟ್ಟಿಗೆ ಆಗುವುದಿಲ್ಲ. ದಪ್ಪ ಕಟ್ಟಿಗೆ ಮೊದಲು ಹೊಗೆಯುತ್ತದೆ, ಆಮೇಲೆ ಒಮ್ಮೆಲೇ ಉರಿದು ಹಂಚನ್ನು ಕೆಂಪಗೆ ಮಾಡುತ್ತದೆ, ರೊಟ್ಟಿ ಹೊತ್ತಿ ಹೋಗುತ್ತದೆ. ಹೆಬ್ಬೆರಳಿನಷ್ಟು ದಪ್ಪದ ಸೀಳುಗಳಾದರೆ ಉರಿ ನಮ್ಮ ಮಾತು ಕೇಳುತ್ತದೆ; ಒಂದು ಸೀಳು ಒಳಗೆ ದೂಡಿದರೆ ಏರುತ್ತದೆ, ಒಂದನ್ನು ಹಿಂದಕ್ಕೆಳೆದರೆ ಇಳಿಯುತ್ತದೆ. ಅವ್ವ ಅವತ್ತು ಮಧ್ಯಾಹ್ನದಿಂದ ಜಾಲಿಯ ಕೊರಡುಗಳನ್ನು ಸೀಳುತ್ತಿದ್ದಳು. ಹೊತ್ತು ಮುಳುಗಿತು. ಅಜ್ಜಿ ಒಳಗಿನಿಂದ ಕೂಗಿದಳು, “ಸಾಕು ಬಾರವ್ವಾ, ಕತ್ತಲಾತು.” ಅವ್ವ ಅಂದಳು, “ಇದೊಂದು ಸೀಳಿಬಿಡ್ತೀನಿ.”

ಆ ಒಂದು ತುಂಡಿನಲ್ಲಿ ಗಂಟಿತ್ತು. ಕೊಡಲಿ ಗಂಟಿಗೆ ತಾಗಿ ಜಾರಿತು. ತೋರುಬೆರಳಿನ ಎರಡು ಗೆಣ್ಣು ಮಣ್ಣಿನ ಮೇಲೆ ಬಿದ್ದವು. ಅವ್ವ ಚೀರಲಿಲ್ಲ. ಸೆರಗಿನಲ್ಲಿ ಕೈ ಸುತ್ತಿಕೊಂಡು ಕುಳಿತಳು. ಮರುದಿನ ಊರಿನವರು ನೋಡಲು ಬಂದಾಗ ಅವಳು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಶಿವ ಕೊಟ್ಟ ಬೆರಳು, ಶಿವನೇ ಇಸಗಂಡ.”

ಬಂದವರೆಲ್ಲ ತಲೆಯಾಡಿಸಿದರು. ಒಬ್ಬ ಹಿರಿಯರು, “ದಾಸೋಹದ ಕೆಲಸದಾಗ ಹೋದ ಬೆರಳು, ಪುಣ್ಯದ ಬೆರಳು” ಎಂದು ಸಮಾಧಾನ ಹೇಳಿದರು. ಅವ್ವನಿಗೆ ಆ ಮಾತು ಊರುಗೋಲಾಯಿತು, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಆಮೇಲೆ ಅವಳು ಪೂಜೆಗೆ ಕುಳಿತಾಗಲೆಲ್ಲ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಲಿಂಗದ ಮೇಲೆ ಎರೆದ ನೀರು ಆ ಮೋಟು ಬೆರಳಿನ ಬದಿಯಿಂದ ಸೋರಿ ಹೋಗುತ್ತಿತ್ತು. ಉಳಿದ ಬೆರಳುಗಳನ್ನು ಅವಳು ಎಷ್ಟು ಒತ್ತಿ ಹಿಡಿದರೂ ಅಂಗೈ ಬಟ್ಟಲಾಗುತ್ತಿರಲಿಲ್ಲ. ಶಿವನಿಗೆ ಆ ಬೆರಳು ಬೇಕಾಗಿತ್ತೇ? ತಾನು ಕೂರುವ ಜಾಗವನ್ನೇ ಅವನು ಮುರಿದುಕೊಳ್ಳುತ್ತಾನೆಯೇ? ನಲವತ್ತು ವರ್ಷಕ್ಕೂ ಮೇಲೆ ಈ ಪ್ರಶ್ನೆ ನನ್ನ ಜೊತೆಗಿದೆ. ಈಗ ನನಗೆ ಸಿಕ್ಕಿರುವ ಉತ್ತರವನ್ನು ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ದೇವರಿಗಾಗಿ ನೋವು ತಿನ್ನುವ ಪದ್ಧತಿ ಹೊಸದಲ್ಲ. ವೀರಭದ್ರ ದೇವರ ಗುಗ್ಗಳದಲ್ಲಿ ಪುರವಂತರು ಶಸ್ತ್ರ ಹಾಕಿಸಿಕೊಳ್ಳುವುದನ್ನು ಕೂಡ್ಲಿಗಿ, ಹಡಗಲಿ ಕಡೆಯ ಎಲ್ಲರೂ ನೋಡಿದ್ದೇವೆ. ಜನ ಕೆಂಡ ಹಾಯುತ್ತಾರೆ. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದಲ್ಲಿ ಕಾರ್ಣಿಕ ನುಡಿಯುವ ಗೊರವಯ್ಯ ಉಪವಾಸವಿದ್ದು ಬಿಲ್ಲೇರುತ್ತಾನೆ. ಇವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿ ಏನು ನಡೆಯುತ್ತದೆಂದು ನೋಡಿ. ನೋವು ತಿನ್ನುವವನು ಹರಕೆ ಹೊತ್ತವನು ಅಥವಾ ಮನೆತನದಿಂದ ಸೇವೆ ಪಡೆದವನು. ದಿನ ಗೊತ್ತಿರುತ್ತದೆ, ನೇಮ ಇರುತ್ತದೆ, ಕಲಿಸಿದ ಹಿರಿಯರು ಪಕ್ಕದಲ್ಲಿ ನಿಂತಿರುತ್ತಾರೆ. ಶಸ್ತ್ರ ಎಲ್ಲಿ ಹೋಗಬೇಕು, ಎಷ್ಟು ಹೋಗಬೇಕು ಎಂಬುದರಲ್ಲಿ ಕೂದಲೆಳೆಯಷ್ಟೂ ತಪ್ಪಾಗದಂತೆ ನೋಡಿಕೊಳ್ಳುತ್ತಾರೆ. ಆ ನೋವಿನ ಸುತ್ತ ಎಚ್ಚರದ ಬೇಲಿ ಇರುತ್ತದೆ.

ಅವ್ವನ ಬೆರಳು ಹರಕೆಯ ಬೆರಳಲ್ಲ. ಅವಳು ಅದನ್ನು ಒಪ್ಪಿಸಲಿಲ್ಲ. ಕತ್ತಲಾಗಿತ್ತು, ದಣಿವಾಗಿತ್ತು, ಕಟ್ಟಿಗೆಯಲ್ಲಿ ಗಂಟಿತ್ತು, ಕೊಡಲಿಯ ಕಾವು ಸಡಿಲವಿತ್ತು. ಈ ನಾಲ್ಕನ್ನೂ ಬಿಟ್ಟು ಶಿವನ ಹೆಸರು ಹೇಳಿದರೆ ಶಿವನ ಲೆಕ್ಕದ ಪುಸ್ತಕದಲ್ಲಿ ನಮ್ಮ ತಪ್ಪನ್ನು ಬರೆದಂತೆ. ಹನ್ನೆರಡನೆಯ ಶತಮಾನದ ಶರಣರು ತಿಥಿ, ನಕ್ಷತ್ರ, ಶಕುನಗಳ ಹೆದರಿಕೆಯನ್ನು ಕಿತ್ತೊಗೆದವರು. ಹಣೆಬರಹವೆಂದು ಕೈಕಟ್ಟಿ ಕೂರಲು ಅವರು ಹೇಳಿಕೊಡಲಿಲ್ಲ.

ನಿಜ ಹೇಳಬೇಕೆಂದರೆ, ಹಣೆಬರಹ ಎಂಬ ಮಾತನ್ನು ನಾವು ಬಾಯಲ್ಲಿ ಆಡುತ್ತೇವೆಯೇ ಹೊರತು ಕಾಲಿನಲ್ಲಿ ಪಾಲಿಸುವುದಿಲ್ಲ. ನನ್ನ ಚಿಕ್ಕಮ್ಮನ ಊರು ಗುಡೇಕೋಟೆಯ ಕಡೆ. ಅಲ್ಲಿನ ಕಲ್ಲುಗುಡ್ಡಗಳಲ್ಲಿ ಕರಡಿಗಳಿವೆ, ಈಗ ಅದು ಕರಡಿಧಾಮ. ಹಿಂದೆ ಹೆಂಗಸರು ಗುಡ್ಡದಂಚಿಗೆ ಪುಳ್ಳೆ ಆರಿಸಲು ಹೋಗುತ್ತಿದ್ದರು. “ಕರಡಿ ಬರೋದು ಹಣೇಲಿ ಬರೆದಿದ್ರೆ ಬರತೈತಿ” ಎಂದು ಚಿಕ್ಕಮ್ಮ ಅನ್ನುತ್ತಿದ್ದಳು. ಅಂದರೂ ಒಬ್ಬಳೇ ಹೋದವಳಲ್ಲ. ಆರೇಳು ಜನ ಕೂಡಿ, ಬಿಸಿಲೇರಿದ ಮೇಲೆ, ಗಟ್ಟಿಯಾಗಿ ಮಾತಾಡುತ್ತಾ ಹೋಗುತ್ತಿದ್ದರು. ಆ ಗಟ್ಟಿ ಮಾತು ಕರಡಿಗೆ ಕೊಟ್ಟ ಸೂಚನೆ. ಹಣೆಬರಹವನ್ನು ನಂಬಿದ ಅದೇ ಹೆಂಗಸರು ಬುದ್ಧಿಯನ್ನೂ ನಂಬಿದ್ದರು. ಗುಡ್ಡದಲ್ಲಿ ಇದ್ದ ಆ ಬುದ್ಧಿ ಹಿತ್ತಲಲ್ಲಿ ಯಾಕೆ ಇರಬಾರದು?

ಕಟ್ಟಿಗೆಯ ಮಾತು ಬಂದಾಗ ಮೋಳಿಗೆಯ ಮಾರಯ್ಯನನ್ನು ನೆನೆಯದಿರಲಾರೆ. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ. ಅವನು ಕಾಶ್ಮೀರದ ಅರಸನಾಗಿದ್ದನೆಂದೂ ರಾಜ್ಯ ಬಿಟ್ಟು ಹೆಂಡತಿ ಮಹಾದೇವಿಯ ಜೊತೆ ಕಲ್ಯಾಣಕ್ಕೆ ಬಂದನೆಂದೂ ಪರಂಪರೆ ಹೇಳುತ್ತದೆ. ಕಾಡಿನಿಂದ ಕಟ್ಟಿಗೆ ತಂದು ಮಾರಿ, ಬಂದ ಹಣದಲ್ಲಿ ದಾಸೋಹ ನಡೆಸಿದ. ಗಂಡ ಹೆಂಡಿರಿಬ್ಬರೂ ವಚನಕಾರರು. ಅವನ ಅಂಕಿತ ನಿಃಕಳಂಕ ಮಲ್ಲಿಕಾರ್ಜುನ. ಬಸವಣ್ಣ ಮಾರಯ್ಯನಿಲ್ಲದ ಹೊತ್ತಿಗೆ ಅವನ ಮನೆಗೆ ಬಂದು, ಮಹಾದೇವಿ ಕೊಟ್ಟ ಅಂಬಲಿ ಕುಡಿದು, ಬಡತನ ಕಂಡು ಹೊನ್ನು ಇಟ್ಟು ಹೋದ ಕತೆಯನ್ನು ನಮ್ಮ ಮಠಗಳ ಪುರಾಣದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಮಾರಯ್ಯ ಆ ಹೊನ್ನನ್ನು ತನಗೆ ಇಟ್ಟುಕೊಳ್ಳಲಿಲ್ಲ, ಜಂಗಮರಿಗೆ ಹಂಚಿಬಿಟ್ಟ. ತನ್ನ ಹೊರೆ ಕಟ್ಟಿಗೆಯ ದುಡಿಮೆಯೇ ತನಗೆ ಸಾಕೆಂದ.

ಈ ಕತೆ ಕೇಳುವಾಗ ನನಗೊಂದು ಯೋಚನೆ ಬರುತ್ತದೆ. ಅರಸನ ಕೈಗೆ ಕತ್ತಿಯ ಅಭ್ಯಾಸವಿರಬಹುದು, ಕೊಡಲಿಯ ಅಭ್ಯಾಸವಿದ್ದಿರಲಾರದು. ಅವನು ಅದನ್ನು ಯಾರ ಬಳಿಯೋ ಕಲಿತಿರಬೇಕು. ಗಂಟು ನೋಡುವುದು, ನಾರಿನ ಗುಂಟ ಏಟು ಹಾಕುವುದು, ಕಾಲು ಅಗಲಿಸಿ ನಿಲ್ಲುವುದು, ಇವನ್ನು ಕಲಿಯದೆ ದಿನವೂ ಕಟ್ಟಿಗೆ ತರಲಾಗದು. ಗಾಯಗೊಂಡು ಮಲಗಿದ ದಿನ ದಾಸೋಹ ನಿಲ್ಲುತ್ತದೆ. ಮಾರಯ್ಯನ ಹಿರಿಮೆಯನ್ನು ಯಾರೂ ಅವನ ಕೈಯ ಗಾಯದಿಂದ ಅಳೆಯಲಿಲ್ಲ. ಕಟ್ಟಿಗೆ ಮಾರಿದ ದುಡ್ಡು ಎಲ್ಲಿಗೆ ಹೋಯಿತು ಎಂಬುದರಿಂದ ಅಳೆದರು. ಕಾಯಕ ಎಂಬ ಮಾತಿನೊಳಗೇ ಕಾಯ ಇದೆ. ಕಾಯ ಉಳಿದರೆ ಕಾಯಕ ಉಳಿಯುತ್ತದೆ.

ಐದು ವರ್ಷಗಳ ಹಿಂದೆ ಹಗರಿಬೊಮ್ಮನಹಳ್ಳಿಯಲ್ಲಿರುವ ನನ್ನ ತಮ್ಮನ ಮಗ ಮೊಬೈಲಿನಲ್ಲಿ ಒಂದು ಸಾಧನ ತೋರಿಸಿದ. ನ್ಯೂಜಿಲೆಂಡ್ ದೇಶದ ಐಲಾ ಹಚಿನ್ಸನ್ ಎಂಬ ಹುಡುಗಿ ಹದಿಮೂರನೆಯ ವಯಸ್ಸಿನಲ್ಲಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಮಾಡಿದ್ದು ಅದು. ಸಣ್ಣ ಸೀಳು ಮಾಡುವಾಗ ಅವಳ ತಾಯಿಯ ಬೆರಳಿಗೆ ಕೈಗೊಡಲಿಯ ಏಟು ಬಿದ್ದಿತ್ತಂತೆ. ಅದನ್ನು ನೋಡಿದ ಮಗಳು ಅಲಗನ್ನು ಕೈಯಿಂದ ಬಿಡಿಸಿ ನೆಲಕ್ಕೆ ಕಟ್ಟಿದಳು. ಒಂದು ಕಬ್ಬಿಣದ ಬಳೆ. ಅದರ ನಡುವೆ ಮೇಲ್ಮುಖವಾಗಿ ನಿಂತ ಅಲಗು. ಕಟ್ಟಿಗೆಯನ್ನು ಬಳೆಯೊಳಗೆ ಅಲಗಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದರೆ ತುಂಡು ಎರಡಾಗುತ್ತದೆ. ಇಂದು ಅದು ದೇಶ ದೇಶಗಳಲ್ಲಿ ಮಾರಾಟವಾಗುತ್ತದೆ.

ಆ ವಿಡಿಯೋ ನೋಡಿ ನನಗೆ ಕಣ್ಣು ತುಂಬಿತು. ನಾನೂ ತಾಯಿಯ ಬೆರಳು ಹೋದದ್ದನ್ನು ನೋಡಿದ ಮಗಳು. ಹೆಚ್ಚು ಕಡಿಮೆ ಅದೇ ವಯಸ್ಸು. ನಾವು ಶಿವನ ಹೆಸರು ಹೇಳಿ ಸುಮ್ಮನಾದೆವು, ಆ ಮಗು ದಾರಿ ಹುಡುಕಿತು.

ಇನ್ನೊಂದು ಸಂಗತಿಯೂ ಹೊಳೆಯಿತು. ನಿಂತ ಅಲಗು ನಮಗೆ ಹೊಸದೇನಲ್ಲ. ನಮ್ಮ ಅಡುಗೆಮನೆಯ ಈಳಿಗೆ ಮಣೆ ಅದೇ ತಾನೇ? ಚಾಕು ಹಿಡಿದವರ ಕೈಯಲ್ಲಿ ಅಲಗು ಓಡಾಡುತ್ತದೆ; ಈಳಿಗೆಯಲ್ಲಿ ಅಲಗು ಕೂತಿರುತ್ತದೆ, ಬದನೆಕಾಯಿ ತಾನೇ ಅದರ ಹತ್ತಿರ ಹೋಗುತ್ತದೆ. ಅಲಗು ಎಲ್ಲಿದೆ ಎಂಬುದು ಕೈಗೆ ಯಾವಾಗಲೂ ಗೊತ್ತಿರುತ್ತದೆ. ತಲೆತಲಾಂತರದಿಂದ ಈಳಿಗೆಯ ಮೇಲೆ ಕುಳಿತ ನಾವು ಅದೇ ಉಪಾಯವನ್ನು ಹಿತ್ತಲಿನ ಕಟ್ಟಿಗೆಗೆ ತರಲಿಲ್ಲ.

ಆ ಹುಡುಗಿಯ ಸಾಧನದಂಥದ್ದೇ ಒಂದನ್ನು ಹರಪನಹಳ್ಳಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಿದೆ. ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಅಲಗು, ದಪ್ಪ ಕೊಳವೆಯಿಂದ ಬಳೆ, ಕೆಳಗೆ ನಾಲ್ಕು ಕಾಲು. 2,800 ರೂಪಾಯಿ ಆಯಿತು. ಬೇವಿನ ದೊಡ್ಡ ಕೊರಡಿನ ಮೇಲೆ ನಾಲ್ಕೂ ಕಾಲಿಗೆ ಬೋಲ್ಟ್ ಹಾಕಿ ಬಿಗಿಸಿದ್ದೇನೆ. ಮಾಡಿಕೊಟ್ಟ ಹುಡುಗ ಎರಡು ಮಾತು ಹೇಳಿದ: “ಅಕ್ಕಾ, ಬಳೆ ಒಳಗ ಯಾವತ್ತೂ ಕೈ ಹಾಕಬ್ಯಾಡ. ಮತ್ತ ಅಲಗಿನ ಮ್ಯಾಲೆ ಸುತ್ತಿಗಿ ಬೀಳಬಾರ್ದು, ಉಕ್ಕಿಗೆ ಉಕ್ಕು ಬಡಿದ್ರ ಚೂರು ಸಿಡಿದು ಕಣ್ಣಿಗೆ ಹೋಗತೈತಿ.” ಆ ಎರಡು ಮಾತನ್ನು ಮಂತ್ರದಂತೆ ಇಟ್ಟುಕೊಂಡಿದ್ದೇನೆ.

ನನ್ನ ಕ್ರಮ ಇಷ್ಟು. ಮೊದಲು ಕಟ್ಟಿಗೆ ಆರಿಸುತ್ತೇನೆ. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಬಳ್ಳಾರಿ ಜಾಲಿ. ದೂರದ ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಈ ದೇಶಕ್ಕೆ ಬಂದ ಗಿಡ ಅದು. ನಮ್ಮ ಬರದ ನೆಲದಲ್ಲಿ ಬೇರು ಬಿಟ್ಟು ನಮ್ಮ ಹಿಂದಿನ ಜಿಲ್ಲೆಯ ಹೆಸರನ್ನೇ ಹೊತ್ತಿತು. ಒಳ್ಳೆಯ ಕಾವು ಕೊಡುತ್ತದೆ, ಆದರೆ ಮುಳ್ಳು ಚುಚ್ಚಿದರೆ ಕೀವಾಗುತ್ತದೆ. ಅದಕ್ಕೇ ಮುಳ್ಳು ಸವರಿ, ಎರಡು ಮೂರು ತಿಂಗಳು ಒಣಗಿಸಿದ ತುಂಡನ್ನೇ ತೆಗೆದುಕೊಳ್ಳುತ್ತೇನೆ. ಉದ್ದ ಒಂದು ಗೇಣು, ಹೆಚ್ಚೆಂದರೆ ಒಂದೂವರೆ. ಗಂಟಿದ್ದದ್ದನ್ನು ಪಕ್ಕಕ್ಕಿಡುತ್ತೇನೆ, ಅದು ಬಚ್ಚಲೊಲೆಗೆ ಇಡಿಯಾಗಿಯೇ ಹೋಗುತ್ತದೆ. ಕಾಲಿಗೆ ಬೂಟು, ಕೈಗೆ ಚರ್ಮದ ಗವಸು, ಕಣ್ಣಿಗೆ ಕನ್ನಡಕ. ಮೊಮ್ಮಕ್ಕಳು ಹತ್ತು ಹೆಜ್ಜೆ ದೂರ.

ತುಂಡನ್ನು ಅಲಗಿನ ಮೇಲೆ ನಿಲ್ಲಿಸಿ, ಎಡಗೈಯಿಂದ ಅದರ ಮೇಲ್ತುದಿಯ ಕೆಳಗೆ ಬದಿಯಲ್ಲಿ ಹಿಡಿದು, ಬಾಗಿಲು ತಟ್ಟುವಷ್ಟೇ ಮೆಲ್ಲಗೆ ಒಂದು ಏಟು ಹಾಕುತ್ತೇನೆ. ಅಲಗು ಕಚ್ಚಿ ತುಂಡು ತಾನೇ ನಿಲ್ಲುತ್ತದೆ. ಆಗ ಎಡಗೈ ತೆಗೆದು ಬೆನ್ನ ಹಿಂದೆ ಇಟ್ಟುಕೊಳ್ಳುತ್ತೇನೆ. ಆಮೇಲೆಯೇ ಜೋರಿನ ಏಟು. ಸೀಳು ಅರ್ಧಕ್ಕೆ ಸಿಕ್ಕಿಕೊಂಡರೆ ಬೆರಳಿನಿಂದ ಕೀಳುವುದಿಲ್ಲ. ಇನ್ನೊಂದು ತುಂಡನ್ನು ಅದರ ತಲೆಯ ಮೇಲಿಟ್ಟು ಬಡಿಯುತ್ತೇನೆ, ಮೇಲಿನದು ಕೆಳಗಿನದನ್ನು ದೂಡುತ್ತದೆ, ಸುತ್ತಿಗೆ ಅಲಗಿಗೆ ತಾಗುವುದೂ ತಪ್ಪುತ್ತದೆ. ಕೆಲಸ ಮುಗಿದ ಮೇಲೆ ಬಳೆಯ ಮೇಲೆ ಹಳೆಯ ಬುಟ್ಟಿ ಬೋರಲು ಹಾಕಿ, ಅದರ ಮೇಲೊಂದು ಕಲ್ಲು ಹೇರುತ್ತೇನೆ.

ಇದನ್ನು ನೋಡಿದ ಓಣಿಯ ಹಿರಿಯಮ್ಮ ಒಬ್ಬರು ಒಮ್ಮೆ ನೊಂದು ಕೇಳಿದರು, “ಕೊಡ್ಲಿ ಹಿಡಿಯೋ ಕಷ್ಟಾನ ಬಿಟ್ಟ ಮ್ಯಾಲೆ ಅದು ಕಾಯಕ ಹೆಂಗಾತು, ತಂಗೀ?” ನಾನು ಅವರಿಗೆ ಸುತ್ತಿಗೆ ಕೊಟ್ಟು ನಾಲ್ಕು ತುಂಡು ಸೀಳಲು ಹೇಳಿದೆ. ಸೀಳಿದರು. ಹಣೆಯಲ್ಲಿ ಬೆವರು ಬಂತು. “ಬೆವರು ಐತಲ್ಲ ಅಮ್ಮಾ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ರಗತ ಇಲ್ಲ, ಬೆವರು ಐತಿ” ಎಂದರು. ಕಾಯಕಕ್ಕೆ ಬೇಕಾದದ್ದು ಬೆವರು ಎಂದು ಆಗ ನಮಗಿಬ್ಬರಿಗೂ ಒಟ್ಟಿಗೆ ತಿಳಿಯಿತು.

ಒಂದು ಹಳೆಯ ರೂಢಿಯನ್ನು ಮಾತ್ರ ನಾನು ಬಿಟ್ಟಿಲ್ಲ. ಪ್ರತಿ ತುಂಡನ್ನೂ ನೆಲಕ್ಕೆ ಎರಡು ಸಲ ಕುಟ್ಟಿ ಝಾಡಿಸುತ್ತೇನೆ. ಅವ್ವ ಹಾಗೆ ಮಾಡುತ್ತಿದ್ದಳು. ಇರುವೆ, ಗೆದ್ದಲು, ಸಣ್ಣ ಹುಳು ಇದ್ದರೆ ಉದುರಿ ಹೋಗಲಿ, ಉರಿಯಲ್ಲಿ ಬೇಯಬಾರದು ಎಂಬುದು ಅವಳ ದಯೆ. ನಮ್ಮ ಕಡೆ ಕಟ್ಟಿಗೆಯ ರಾಶಿಯಲ್ಲಿ ಚೇಳು ಇರುವುದು ತೀರ ಸಾಮಾನ್ಯ. ಎರಡು ಸಲ ಕುಟ್ಟಿದರೆ ಅದೂ ಹೊರಬರುತ್ತದೆ. ಇರುವೆಯ ಜೀವವೂ ನನ್ನ ಜೀವವೂ ಒಂದೇ ಕುಟ್ಟಿನಲ್ಲಿ ಉಳಿಯುತ್ತವೆ. ದಯೆ ಬೇರೆ, ಎಚ್ಚರ ಬೇರೆ ಎಂದು ತಿಳಿದಿದ್ದೆ. ಕೈ ಮಾಡುವ ಕೆಲಸ ನೋಡಿದರೆ ಎರಡೂ ಒಂದೇ. ಧರ್ಮದ ಮೂಲ ದಯೆ ಎಂದು ಒಪ್ಪಿದವರು ತಮ್ಮ ಮೈಯನ್ನು ಆ ದಯೆಯ ಹೊರಗೆ ಇಡುವುದು ಸರಿಯಲ್ಲ. ಅದೂ ಶಿವನು ಕೊಟ್ಟ ಜೀವವೇ.

ಎಲ್ಲಕ್ಕಿಂತ ಕಷ್ಟದ ನೇಮವೆಂದರೆ ನಿಲ್ಲಿಸುವುದು. ಆಯ್ದಕ್ಕಿ ಲಕ್ಕಮ್ಮನ ಕತೆ ನಿಮಗೆ ಗೊತ್ತು. ಅವಳ ಗಂಡ ಆಯ್ದಕ್ಕಿ ಮಾರಯ್ಯ ಅವತ್ತಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವಳು ಒಪ್ಪಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಹೇಳಿದಳು. ಅದನ್ನು ಎಲ್ಲರೂ ಆಸೆಯ ಬಗ್ಗೆ ಹೇಳಿದ ಬುದ್ಧಿ ಎನ್ನುತ್ತಾರೆ. ನನಗೆ ಅದರಲ್ಲಿ ಅವ್ವನ “ಇದೊಂದು ಸೀಳಿಬಿಡ್ತೀನಿ” ಕೇಳಿಸುತ್ತದೆ. ದಾಸೋಹದ ಕೆಲಸದಲ್ಲೂ ಅತಿಯಾಸೆ ನುಸುಳುತ್ತದೆ. ಒಳ್ಳೆಯ ಕೆಲಸವಾದ್ದರಿಂದ ಅದು ಆಸೆ ಎಂದು ಗೊತ್ತಾಗುವುದಿಲ್ಲ, ಅಷ್ಟೇ. ಕಣ್ಣು ಮಂಜಾದರೂ, ತೋಳು ನಡುಗಿದರೂ ಕೈ ಇನ್ನೊಂದು ತುಂಡಿಗೆ ಹೋಗುತ್ತದೆ. ಅಂದು ಅಜ್ಜಿ “ಸಾಕು” ಎಂದಾಗ ಲಕ್ಕಮ್ಮನೇ ಆಡಿದ ಹಾಗಿತ್ತು. ನಮಗೆ ಕೇಳಲಿಲ್ಲ. ಈಗ ನಾನು ನಾಳೆಗೆ ಬೇಕಾದ ಎರಡು ಬುಟ್ಟಿ ಸೀಳು ತುಂಬಿದ ಕೂಡಲೇ ಸುತ್ತಿಗೆ ಇಡುತ್ತೇನೆ, ಬಿಸಿಲು ಇನ್ನೂ ಇದ್ದರೂ.

ಅವ್ವ 2014ರಲ್ಲಿ ಲಿಂಗೈಕ್ಯಳಾದಳು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಕೊಡುತ್ತೇವೆ. ಜೀವನವಿಡೀ ಕಟ್ಟಿಗೆ ಸೀಳಿದವಳಿಗೆ ಕೊನೆಗೆ ಒಂದು ಕಡ್ಡಿ ಕಟ್ಟಿಗೆಯೂ ಬೇಕಾಗಲಿಲ್ಲ. ಅವಳು ಸೀಳಿದ್ದೆಲ್ಲ ಉಣ್ಣುವವರ ಹೊಟ್ಟೆಗೇ ಹೋಯಿತು. ಸಮಾಧಿಯೊಳಗೆ ಅವಳನ್ನು ಕೂರಿಸಿ, ಅಯ್ಯನವರು ಅವಳ ಲಿಂಗವನ್ನು ಎಡಗೈಯಲ್ಲಿ ಇಡುವಾಗ ನಾನು ಅಂಚಿನಲ್ಲಿ ನಿಂತಿದ್ದೆ. ಬೆರಳುಗಳನ್ನು ಮಡಿಸಿ ಲಿಂಗವನ್ನು ಮುಚ್ಚಬೇಕು. ನಾಲ್ಕು ಬೆರಳು ಮಡಿಚಿದವು, ಒಂದು ಕಡೆ ತೆರವಾಗಿಯೇ ಉಳಿಯಿತು. ಅಯ್ಯನವರು ಆ ತೆರವಿಗೆ ಒಂದು ಬಿಲ್ವಪತ್ರಿ ಇಟ್ಟರು. ಅಷ್ಟು ವರ್ಷ ಅವಳು “ಶಿವ ಇಸಗಂಡ” ಎಂದುಕೊಂಡು ಬದುಕಿದ್ದಳು. ಶಿವ ಇಸಕೊಂಡಿರಲಿಲ್ಲ. ಅವನು ಕೊನೆಯವರೆಗೂ ಆ ಮುರಿದ ಕೈಯಲ್ಲೇ ಕೂತಿದ್ದ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹಳ್ಳಿಗಳಲ್ಲಿ ಗ್ಯಾಸ್ ಬಂದ ಮೇಲೂ ಬಚ್ಚಲ ಹಂಡೆಗೆ, ರೊಟ್ಟಿಯ ಹಂಚಿಗೆ, ಜಾತ್ರೆಯ ಅಡುಗೆಗೆ ಕಟ್ಟಿಗೆ ಉರಿಯುತ್ತಿದೆ. ಹೆಚ್ಚಿನ ಮನೆಗಳಲ್ಲಿ ಸಣ್ಣ ಸೀಳು ಮಾಡುವವರು ಹೆಂಗಸರು. ಆ ತಾಯಂದಿರಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಒಂದು ನಿಂತ ಅಲಗು ಮಾಡಿಸಿಕೊಳ್ಳಿ. ಅದಾಗದಿದ್ದರೆ ತುಂಡನ್ನು ಕೈಯಲ್ಲಿ ಹಿಡಿಯದೆ ಇನ್ನೊಂದು ಕೋಲಿನಿಂದ ಒತ್ತಿ ಹಿಡಿಯಿರಿ. ಹೊತ್ತು ಮುಳುಗಿದ ಮೇಲೆ ಸೀಳಬೇಡಿ. ಯಾರಾದರೂ “ಸಾಕು” ಎಂದರೆ ಏಳಿ. ನಾಳೆ ಬೆಳಿಗ್ಗೆ ಆ ಎಡಗೈ ಪೂಜೆಗೆ ಬೇಕು.